ಮುಪ್ಪಿನಲ್ಲಿ ಬಾಲಗಂಧರ್ವರು

ಶಿಲ್ಪಿ ಅಳಿದರೂ ಅವನು ಕಡೆದ ಮೂರ್ತಿ ಉಳಿಯುತ್ತದೆ. ಕವಿ ಕಣ್ಮರೆಯಾದರೂ ಅವನ ಕೃತಿ ಓಲೆಗರಿಯಲ್ಲಿಯೋ ಕಾಗದದಲ್ಲಿಯೋ ಬಾಳುತ್ತದೆ. ಆದರೆ ರಂಗದ ನಟನಿಗೆ ತನ್ನ ಶರೀರವೇ ಶಿಲೆ, ತನ್ನ ಶರೀರವೇ ಓಲೆಗರಿ. ಆ ಶರೀರ ಮುಪ್ಪಿಗೆ ಈಡಾದಾಗ ಅವನ ಕಲೆಯ ಗತಿ ಏನು? ಯೌವನದಲ್ಲಿ ಅವನನ್ನು ತಲೆಯ ಮೇಲೆ ಹೊತ್ತು ಮೆರೆದ ಜನ, ಮುಪ್ಪಿನಲ್ಲಿ ಅವನು ಮತ್ತೆ ಬಣ್ಣ ಹಚ್ಚಿ ಎದುರಿಗೆ ನಿಂತಾಗ ಕಾಣುವುದಾದರೂ ಏನನ್ನು? ಇದು ಕೇವಲ ರಸಿಕರ ಪ್ರಶ್ನೆಯಲ್ಲ. ಸಮಾಜದ ಕೃತಜ್ಞತೆಗೆ ಸಂಬಂಧಿಸಿದ ಪ್ರಶ್ನೆ. ಇದಕ್ಕೆ ಉತ್ತರವನ್ನು ತರ್ಕದಿಂದ ಹುಡುಕುವುದಕ್ಕಿಂತ ಇತಿಹಾಸದಿಂದ ಹುಡುಕುವುದು ಲೇಸು. ಅದಕ್ಕಾಗಿ ಮರಾಠಿ ಸಂಗೀತ ರಂಗಭೂಮಿಯ ಚಕ್ರವರ್ತಿಯೆನಿಸಿದ್ದ ಬಾಲಗಂಧರ್ವರ ಉತ್ತರ ಜೀವನವನ್ನು ಇಲ್ಲಿ ಅವಲೋಕಿಸಬೇಕೆಂದಿದ್ದೇವೆ.

ಮರಾಠಿ ನಟರೊಬ್ಬರ ಚರಿತ್ರೆ ನಮಗೇಕೆ ಎಂದು ವಾಚಕರು ಕೇಳಬಹುದು. ಈ ರಂಗಭೂಮಿಯ ಬೇರು ನಮ್ಮ ನೆಲದಲ್ಲಿಯೂ ಹಬ್ಬಿದೆ ಎಂಬುದೇ ಅದಕ್ಕೆ ಉತ್ತರ. ಮರಾಠಿ ಸಂಗೀತ ನಾಟಕದ ಜನಕರೆಂದು ಮಾನ್ಯರಾದ ಅಣ್ಣಾಸಾಹೇಬ ಕಿರ್ಲೋಸ್ಕರರು (1843–1885) ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಅವರು 'ಸಂಗೀತ ಶಾಕುಂತಲ'ವನ್ನು ಆಡಿದಂದು ಆ ಪರಂಪರೆಗೆ ನಾಂದಿಯಾಯಿತು. ಮರಾಠಿ ಮಂಡಳಿಗಳು ಕನ್ನಡದ ಊರುಗಳಲ್ಲಿ ಬಿಡಾರ ಹೂಡಿ ಜನಮನವನ್ನು ಗೆದ್ದುದನ್ನು ಕಂಡೇ ಗದುಗಿನ ಶಾಂತಕವಿಗಳು ಕನ್ನಡಕ್ಕೂ ತನ್ನದೇ ನಾಟಕ ಬೇಕೆಂದು ಟೊಂಕಕಟ್ಟಿ ನಿಂತರು. ಸ್ಪರ್ಧೆಯೂ ಒಂದು ಬಗೆಯ ಬಾಂಧವ್ಯವೇ. ಬಾಲಗಂಧರ್ವರ ಸಂಗೀತಗುರು ಭಾಸ್ಕರಬುವಾ ಬಖಲೆಯವರು ಕೆಲಕಾಲ ಧಾರವಾಡದಲ್ಲಿದ್ದು ಸಂಗೀತ ಕಲಿಸಿದವರು. ಇನ್ನು ಬಾಲಗಂಧರ್ವರ ಮುಪ್ಪಿನ ಸಂಗಾತಿಯಾಗಿದ್ದ ಗೋಹರಬಾಯಿಯವರಂತೂ ಬೀಳಗಿಯ ಮಗಳು. ಹೀಗಾಗಿ ಈ ಕಥೆ ನಮಗೆ ಹೊರಗಿನದಲ್ಲ.

ನಾರಾಯಣ ಶ್ರೀಪಾದ ರಾಜಹಂಸರು ಜನಿಸಿದ್ದು 1888ರ ಜೂನ್ 26ರಂದು. ಹತ್ತು ವರ್ಷದ ಹುಡುಗನ ಹಾಡನ್ನು ಪುಣೆಯಲ್ಲಿ ಕೇಳಿದ ಲೋಕಮಾನ್ಯ ತಿಲಕರು 'ಬಾಲಗಂಧರ್ವ' ಎಂದು ಉದ್ಗರಿಸಿದರೆಂದೂ ಅದೇ ಹೆಸರು ಅವರಿಗೆ ನಿಂತಿತೆಂದೂ ಪ್ರತೀತಿ. 1905ರಲ್ಲಿ ಅವರು ಕಿರ್ಲೋಸ್ಕರ ಮಂಡಳಿಯನ್ನು ಸೇರಿ ಸ್ತ್ರೀಪಾತ್ರಗಳಲ್ಲಿ ಕಾಣಿಸಿಕೊಂಡರು. ಕುಲೀನ ಸ್ತ್ರೀಯರು ರಂಗವೇರದಿದ್ದ ಕಾಲವದು. ಅವರ ಶಕುಂತಲೆಯನ್ನು, ಭಾಮಿನಿಯನ್ನು, ರುಕ್ಮಿಣಿಯನ್ನು ನೋಡಲು ಬಂದ ಮಹಿಳೆಯರು ಅವರು ಸೀರೆ ಉಡುವ ರೀತಿಯನ್ನು, ಹೂ ಮುಡಿಯುವ ಬಗೆಯನ್ನು ನೋಡಿ ಕಲಿತು ಮನೆಗೆ ಹೋಗುತ್ತಿದ್ದರು. ಗಂಡಸೊಬ್ಬನಿಂದ ಹೆಂಗಸರು ಉಡುಗೆಯ ಸೊಗಸನ್ನು ಕಲಿತರೆಂಬುದು ಇಂದು ಸೋಜಿಗವೆನಿಸಿದರೂ ಅದು ನಡೆದ ಸಂಗತಿ.

ಅವರ ನಿಷ್ಠೆಯನ್ನು ಹೇಳುವ ಒಂದು ಪ್ರಸಂಗ ಮಹಾರಾಷ್ಟ್ರದಲ್ಲಿ ಮನೆಮಾತಾಗಿದೆ. 1911ರ ಮಾರ್ಚ್ 12ರಂದು ಮುಂಬಯಿಯಲ್ಲಿ ಖಾಡಿಲ್ಕರರ 'ಮಾನಾಪಮಾನ'ದ ಪ್ರಥಮ ಪ್ರಯೋಗ. ಅದೇ ದಿನ ಅವರ ಎಳೆಯ ಮಗಳು ತೀರಿಕೊಂಡಳು. ಆಟವನ್ನು ಮುಂದೂಡಬಹುದೆಂದು ಹಿರಿಯರು ಹೇಳಿದರೂ ಅವರು ಒಪ್ಪಲಿಲ್ಲ. ಟಿಕೀಟು ಕೊಂಡು ಬಂದ ಪ್ರೇಕ್ಷಕರು ನಿರಾಶರಾಗಬಾರದೆಂದು ಬಣ್ಣ ಹಚ್ಚಿ ಭಾಮಿನಿಯಾಗಿ ಹಾಡಿದರು. ಆಗ ಅವರಿಗೆ ಇಪ್ಪತ್ತೆರಡೇ ವರ್ಷ. ಪ್ರೇಕ್ಷಕರನ್ನು ಅವರು 'ಮಾಯಬಾಪ' ಎಂದರೆ ತಾಯಿತಂದೆ ಎಂದು ಕರೆಯುತ್ತಿದ್ದುದು ಬಾಯುಪಚಾರವಲ್ಲ ಎಂಬುದಕ್ಕೆ ಆ ರಾತ್ರಿಯೇ ಸಾಕ್ಷಿ. ಮುಪ್ಪಿನಲ್ಲಿ ಅವರು ಏಕೆ ರಂಗ ಬಿಡಲಿಲ್ಲ ಎಂಬುದನ್ನು ತಿಳಿಯಬೇಕಾದರೆ ಈ ಪ್ರಸಂಗವನ್ನು ನೆನಪಿನಲ್ಲಿಡಬೇಕು.

1913ರಲ್ಲಿ ಗೋವಿಂದರಾವ್ ಟೇಂಬೆ, ಗಣಪತರಾವ್ ಬೋಡಸರೊಡಗೂಡಿ ಅವರು ಗಂಧರ್ವ ನಾಟಕ ಮಂಡಳಿಯನ್ನು ಕಟ್ಟಿದರು. 1916ರ 'ಸ್ವಯಂವರ', 1919ರ 'ಏಕಚ್ ಪ್ಯಾಲಾ' ನಾಟಕಗಳು ಮಂಡಳಿಯ ಕೀರ್ತಿಯನ್ನು ಶಿಖರಕ್ಕೇರಿಸಿದವು. ಎರಡನೆಯದರಲ್ಲಿ ಕುಡುಕ ಗಂಡನ ಕೈಯಲ್ಲಿ ನಲುಗುವ ಸಿಂಧುವಿನ ಪಾತ್ರ ಅವರದು. ರುಕ್ಮಿಣಿಗಾಗಿ ಜರತಾರಿ ಉಟ್ಟವರೇ ಸಿಂಧುವಿಗಾಗಿ ಹರಕು ಸೀರೆ ಉಟ್ಟು ಜನರನ್ನು ಅಳಿಸಿದರು. ತಬಲಾಕ್ಕೆ ಅಹಮದ್ ಜಾನ್ ತಿರಖವಾ, ಸಾರಂಗಿಗೆ ಕಾದರ್ ಬಕ್ಷ್ ಅವರಂಥ ಮಹನೀಯರು ಮಂಡಳಿಯ ಸಂಬಳದಲ್ಲಿದ್ದರು. 1921ರ ಜುಲೈ 8ರಂದು ತಿಲಕ್ ಸ್ವರಾಜ್ಯ ನಿಧಿಯ ಸಹಾಯಾರ್ಥ ಬಾಲಗಂಧರ್ವರೂ ಅವರ ಸಮಕಾಲೀನ ಪ್ರತಿಸ್ಪರ್ಧಿ ಕೇಶವರಾವ್ ಭೋಸಲೆಯವರೂ ಒಂದೇ ರಂಗದ ಮೇಲೆ 'ಮಾನಾಪಮಾನ'ವನ್ನು ಆಡಿದ್ದು ಆ ಯುಗದ ಉತ್ತುಂಗ ಘಟನೆ.

ಏರಿದ್ದು ಇಳಿಯಲೇಬೇಕಷ್ಟೆ. ಆ ಇಳಿತದ ಕಾರಣಗಳನ್ನು ಮರೆಮಾಚದೆ ಹೇಳುವುದು ಇತಿಹಾಸದ ಧರ್ಮ. ಮೊದಲನೆಯದಾಗಿ, ಅವರಿಗೆ ಲೆಕ್ಕದ ಕಡೆಗೆ ಗಮನವಿರಲಿಲ್ಲ. ರೇಷ್ಮೆಯಾದರೆ ನಿಜವಾದ ರೇಷ್ಮೆ, ಅತ್ತರಾದರೆ ನಿಜವಾದ ಅತ್ತರು, ಮಂಡಳಿಯ ಪಂಕ್ತಿಯಲ್ಲಿ ಬಂದವರಿಗೆಲ್ಲ ಊಟ. ಆಯದ ಮಿತಿಯನ್ನು ವ್ಯಯ ಮೀರಿತು, ಸಾಲ ಬೆಳೆಯಿತು. ಎರಡನೆಯದಾಗಿ, 1931ರಲ್ಲಿ ಭಾರತದ ಮೊದಲ ಮಾತಿನ ಚಿತ್ರ 'ಆಲಂ ಆರಾ' ಬಂದಿತು. 1932ರಲ್ಲಿ ಮರಾಠಿಗೆ 'ಅಯೋಧ್ಯೇಚಾ ರಾಜಾ', 1934ರಲ್ಲಿ ಕನ್ನಡಕ್ಕೆ 'ಸತಿ ಸುಲೋಚನಾ' ಬಂದವು. ರಾತ್ರಿಯಿಡೀ ನಾಟಕ ನೋಡುತ್ತಿದ್ದ ಜನ ಎರಡು ಮೂರು ತಾಸಿನಲ್ಲಿ ಮುಗಿಯುವ ಅಗ್ಗದ ಆಟಕ್ಕೆ ಒಲಿದರು. ಮೂರನೆಯದಾಗಿ, ಹೀರಾಬಾಯಿ ಬಡೋದೆಕರರಂಥ ಗಾಯಕಿಯರೇ ರಂಗಕ್ಕೆ ಬಂದ ಮೇಲೆ ಸ್ತ್ರೀವೇಷದ ಪುರುಷನ ಅಗತ್ಯ ಕುಂದಿತು. ನಾಲ್ಕನೆಯದು ವಯಸ್ಸು. ಅದಕ್ಕೆ ಮದ್ದಿಲ್ಲ.

ಸಾಲದ ಭಾರದಲ್ಲಿ ಅವರು ಚಲನಚಿತ್ರಕ್ಕೂ ಹೋಗಿಬಂದರು. 1935ರಲ್ಲಿ ಶಾಂತಾರಾಮರ ನಿರ್ದೇಶನದ 'ಧರ್ಮಾತ್ಮಾ'ದಲ್ಲಿ ಸಂತ ಏಕನಾಥರ ಪಾತ್ರ. ಅಸ್ಪೃಶ್ಯತೆಯನ್ನು ಖಂಡಿಸುವ ಆ ಚಿತ್ರಕ್ಕೆ ಮೊದಲು 'ಮಹಾತ್ಮಾ' ಎಂದಿದ್ದ ಹೆಸರನ್ನು ಸರಕಾರದ ಆಕ್ಷೇಪದಿಂದ ಬದಲಿಸಬೇಕಾಯಿತು. ಆದರೆ ಸ್ಟುಡಿಯೋದಲ್ಲಿ ಮಾಯಬಾಪ ಎಲ್ಲಿ? 'ಒನ್ಸ್ ಮೋರ್' ಎಂಬ ಕೂಗಿಗೆ ಅದೇ ಪದವನ್ನು ಮತ್ತೆ ಮತ್ತೆ ಹೊಸದಾಗಿ ಹಾಡಿದ ಕಂಠಕ್ಕೆ, ಎದುರಿಗೆ ಮನುಷ್ಯರಿಲ್ಲದೆ ಯಂತ್ರದ ಮುಂದೆ ಹಾಡುವುದು ಒಗ್ಗಲಿಲ್ಲ. ಅವರು ಮತ್ತೆ ನಾಟಕದ ಪರದೆಯ ಕಡೆಗೇ ಮುಖಮಾಡಿದರು.

ಈ ಕಾಲದಲ್ಲಿ ಅವರ ಮಂಡಳಿಗೆ ಬಂದವರು ಗೋಹರಬಾಯಿ ಕರ್ನಾಟಕಿ. ಚಿತ್ರಗಾಯಕಿಯೆಂದು ಪ್ರಖ್ಯಾತರಾದ ಅಮೀರಬಾಯಿ ಕರ್ನಾಟಕಿಯವರ ಸಹೋದರಿ. ಬಾಲಗಂಧರ್ವರ ಪದಗಳನ್ನು ಅವರಂತೆಯೇ ಹಾಡಬಲ್ಲಷ್ಟು ಆ ಗಾನಶೈಲಿಯನ್ನು ಗೋಹರಬಾಯಿ ಮೈಗೂಡಿಸಿಕೊಂಡಿದ್ದರು. ಅವರು ನಾಯಕಿಯರ ಪಾತ್ರಗಳನ್ನು ವಹಿಸಿದರು. ಮೊದಲ ಪತ್ನಿಯ ಮರಣಾನಂತರ ಬಾಲಗಂಧರ್ವರು ಅವರನ್ನು ವಿವಾಹವಾದರು. ಜಾತಿ ಬೇರೆ, ಮತ ಬೇರೆ. ಅಂದಿನ ಸಮಾಜ ಇದನ್ನು ಸುಲಭವಾಗಿ ಕ್ಷಮಿಸಲಿಲ್ಲ. ಬಾಲಗಂಧರ್ವರ ಪತನಕ್ಕೆಲ್ಲ ಈ ಹೆಣ್ಣುಮಗಳೇ ಕಾರಣಳೆಂದು ಹೊರಿಸಿದವರೂ ಉಂಟು. ಆದರೆ ಕಾಲಾನುಕ್ರಮವನ್ನು ಗಮನಿಸಿದವರಿಗೆ ಈ ಆರೋಪ ನಿಲ್ಲುವುದಿಲ್ಲ. ಸಾಲ ಅವರು ಬರುವ ಮೊದಲೇ ಬೆಳೆದಿತ್ತು. ಬೋಲಪಟ ಅವರು ಬರುವ ಮೊದಲೇ ಬಂದಿತ್ತು. ವೈಭವದ ದಿನಗಳಲ್ಲಿ ಸುತ್ತ ನೆರೆದವರು ಚದುರಿದ ಮೇಲೆ ಉಳಿದವರು ಅವರು. ಕೀರ್ತಿವಂತನ ಮುಪ್ಪಿಗೆ ಆಸರೆಯಾದವರ ಹೆಸರನ್ನು ಇತಿಹಾಸ ಅಂಚಿನಲ್ಲಿ ಬರೆಯುತ್ತದೆ. ಬೀಳಗಿಯ ಈ ಕಲಾವಿದೆಗೆ ಕನ್ನಡಿಗರಾದರೂ ನ್ಯಾಯ ಸಲ್ಲಿಸಬೇಕು. 1964ರಲ್ಲಿ ಅವರು ತೀರಿಕೊಂಡರು.

ಈಗ ಮೂಲಪ್ರಶ್ನೆಗೆ ಬರೋಣ. ವಯಸ್ಸು ಅರವತ್ತರ ಹತ್ತಿರ ಬಂದರೂ ಬಾಲಗಂಧರ್ವರು ಸ್ತ್ರೀವೇಷ ಧರಿಸಿ ರಂಗವೇರಿದರು. ಮೈ ಬಾಡಿತ್ತು, ಮುಖದಲ್ಲಿ ಸುಕ್ಕು ಮೂಡಿತ್ತು. ಕೊನೆಯ ವರ್ಷಗಳಲ್ಲಿ ಕಾಲುಗಳ ಶಕ್ತಿಯೂ ಉಡುಗಿ, ನಾಟಕವನ್ನು ಬಿಟ್ಟು ಕುಳಿತಲ್ಲಿಯೇ ಭಜನೆ, ಅಭಂಗಗಳನ್ನು ಹಾಡಿದರು. ಈ ದಿನಗಳನ್ನು ಕಂಡು ನೆನಪು ಬರೆದವರಲ್ಲಿ ಎರಡು ಪಕ್ಷಗಳಿವೆ.

ಒಂದನೆಯ ಪಕ್ಷ ಹೇಳುವುದು: ಇದು ನೋಡಬಾರದ ನೋಟ. ಹಣ್ಣಾದ ಮುದುಕ ಹದಿನಾರರ ರುಕ್ಮಿಣಿಯಾಗಿ ನಾಚುವುದೆಂದರೇನು? ಜನರ ನೆನಪಿನಲ್ಲಿರುವ ಸೌಂದರ್ಯವನ್ನು ತನ್ನ ಕೈಯಿಂದಲೇ ಅಳಿಸಿಹಾಕಿದಂತಾಗಲಿಲ್ಲವೆ? ಘನತೆಯಿಂದ ನಿವೃತ್ತರಾಗಿದ್ದರೆ ಒಳಿತಿತ್ತು. ಎರಡನೆಯ ಪಕ್ಷ ಹೇಳುವುದು: ಪರದೆ ಸರಿದ ಕೆಲವು ಕ್ಷಣ ಮನಸ್ಸು ಮುದುಡಿದ್ದು ನಿಜ. ಆದರೆ ಸಾರಂಗಿಯ ಎಳೆ ಹಿಡಿದು ಅವರು ಪದವನ್ನು ಎತ್ತಿಕೊಂಡೊಡನೆ ಎದುರಿಗಿದ್ದ ಮುದುಕ ಮರೆಯಾದ. ರುಕ್ಮಿಣಿ ಮಾತ್ರ ಉಳಿದಳು.

ಮೊದಲನೆಯ ಪಕ್ಷವನ್ನು ನಾವು ಕಠೋರವೆಂದು ತಳ್ಳಿಹಾಕುವುದಿಲ್ಲ. ಅದರಲ್ಲಿ ಪ್ರೀತಿಯೂ ಇದೆ. ಪ್ರಿಯವಾದದ್ದು ಬಾಡುವುದನ್ನು ನೋಡಲಾರದ ಸಂಕಟವಿದೆ. ಆದರೆ ಅದು ಒಂದನ್ನು ಮರೆಯುತ್ತದೆ. ನಿವೃತ್ತಿ ಎಂಬುದು ಪಿಂಚಣಿ ಇದ್ದವನಿಗೆ ಇರುವ ಸೌಭಾಗ್ಯ. ನೌಕರಿಯಲ್ಲಿ ಇಂತಿಷ್ಟು ವರ್ಷಕ್ಕೆ ಬಿಡುಗಡೆಯುಂಟು, ತಿಂಗಳಿಗೆ ಇಂತಿಷ್ಟು ಹಣವುಂಟು. ಕಂಪನಿಯ ನಟನಿಗೆ ಅಂದು ಏನಿತ್ತು? ಆಡಿದ ದಿನ ಅನ್ನ, ಆಡದ ದಿನ ಉಪವಾಸ. ತೆರೆಯ ಹಿಂದೆ ಪರದೆ ಎಳೆಯುವವನಿಂದ ಹಿಡಿದು ಅಡಿಗೆಯವನವರೆಗೆ ಅನೇಕ ಒಲೆಗಳು ಆ ಒಂದು ಕಂಠವನ್ನು ನೆಚ್ಚಿದ್ದವು. ಅಂಥವನಿಗೆ ಘನತೆಯಿಂದ ಮನೆಯಲ್ಲಿ ಕುಳಿತಿರೆಂದು ಹೇಳುವುದು, ಕುಳಿತವನಿಗೆ ಉಣಲಿಕ್ಕುವ ಹೊಣೆ ಹೊತ್ತವನಿಗೆ ಮಾತ್ರ ಶೋಭಿಸುವ ಮಾತು. ಅದೂ ಅಲ್ಲದೆ, ಮಗಳ ಶವ ಮನೆಯಲ್ಲಿದ್ದಾಗಲೂ ರಂಗವನ್ನು ಬಿಡದವರು ಮೈಯ ಸುಕ್ಕಿಗೆ ಹೆದರಿ ಬಿಟ್ಟಾರೆಯೆ? ತನಗೆ ಒದಗಿದ ದುಡಿಮೆಯನ್ನು ಉಸಿರಿರುವವರೆಗೆ ಬಿಡದಿರುವುದನ್ನು ಶರಣರು ಕಾಯಕವೆಂದರು. ಬಾಲಗಂಧರ್ವರಿಗೆ ಆ ಶಬ್ದದ ಪರಿಚಯವಿತ್ತೋ ಇಲ್ಲವೋ, ಅದರ ಆಚರಣೆಯಂತೂ ಇತ್ತು.

ಎರಡನೆಯ ಪಕ್ಷದ ಅನುಭವಕ್ಕೆ ಕಾರಣವೇನು? ಅದು ಹಳೆಯ ಅಭಿಮಾನಿಗಳ ಭ್ರಮೆಯೇ? ಹಿಂದೆ ಕಂಡದ್ದನ್ನು ನೆನೆದು ಇಂದಿನ ಕೊರತೆಯನ್ನು ಮನಸ್ಸು ತುಂಬಿಕೊಂಡಿತೆಂದು ವಾದಿಸಬಹುದು. ಆದರೆ ವೈಭವದ ದಿನಗಳಲ್ಲಿ ಹುಟ್ಟಿಯೇ ಇರದ ತರುಣರೂ ಅದೇ ಅನುಭವವನ್ನು ಪಡೆದರೆಂಬುದಕ್ಕೆ ಆಧಾರಗಳಿವೆ. ಕಾರಣ ಅವರ ಗಾನದ ಸ್ವರೂಪದಲ್ಲಿಯೇ ಇದೆ. ಅವರು ತಾನುಗಳ ಸುರಿಮಳೆಯಿಂದ ಬೆರಗುಗೊಳಿಸುವ ಗಾಯಕರಾಗಿರಲಿಲ್ಲ. ಸ್ವರವನ್ನು ಅದರ ನೆಲೆಯಲ್ಲಿ ನಿಖರವಾಗಿ ಮುಟ್ಟುವುದು, ಚಿಕ್ಕ ಚಿಕ್ಕ ಮುರಕಿಗಳಿಂದ ಪದವನ್ನು ಸಿಂಗರಿಸುವುದು, ಸಾಹಿತ್ಯದ ಒಂದು ಅಕ್ಷರವೂ ಮಸುಕಾಗದಂತೆ ಉಚ್ಚರಿಸುವುದು, ಲಯವನ್ನು ಎಂದೂ ಕೈಬಿಡದಿರುವುದು: ಇವು ಅವರ ಗುಣಗಳು. ದೇಹಬಲದಿಂದ ಬಂದದ್ದು ದೇಹಬಲದೊಡನೆ ಹೋಗುತ್ತದೆ. ವಿವೇಕದಿಂದ ಬಂದದ್ದು ಉಸಿರು ಇರುವವರೆಗೂ ಉಳಿಯುತ್ತದೆ. ಶರೀರ ಸೋತಂತೆ ಹೊರಗಿನ ಒಡವೆಗಳು ಕಳಚಿ ಬಿದ್ದವು. ಒಳಗಿದ್ದ ಭಾವ ನಿಚ್ಚಳವಾಗಿ ಕಂಡಿತು.

ಈ ಮಾತಿಗೆ ಪ್ರಬಲ ಸಾಕ್ಷಿ ನಮ್ಮವರೇ ಆದ ಕುಮಾರ ಗಂಧರ್ವರು (1924–1992). ಬೆಳಗಾವಿಯ ಸಮೀಪದ ಸುಳೇಭಾವಿಯಲ್ಲಿ ಕೋಂಕಾಳಿಮಠ ಮನೆತನದಲ್ಲಿ ಹುಟ್ಟಿದ ಶಿವಪುತ್ರನೆಂಬ ಬಾಲಕನಿಗೆ ಮಠದ ಗುರುಗಳೊಬ್ಬರು ಕೊಟ್ಟ ಹೆಸರು ಅದು. ಕ್ಷಯರೋಗ ಅವರನ್ನು ವರ್ಷಗಟ್ಟಲೆ ಹಾಸಿಗೆಗೆ ಕಟ್ಟಿಹಾಕಿ ಒಂದು ಶ್ವಾಸಕೋಶವನ್ನು ಕಸಿದುಕೊಂಡಿತು. ಮರಳಿ ಹಾಡತೊಡಗಿದ ಅವರು ಗಿಡ್ಡ ಉಸಿರಿನಲ್ಲಿಯೇ ಹೊಸ ಗಾನಮಾರ್ಗವನ್ನು ಕಂಡುಕೊಂಡರು. ಅಂಥವರು ಬಾಲಗಂಧರ್ವರ ಪದಗಳನ್ನೇ ಎತ್ತಿಕೊಂಡು 'ನನಗೆ ತಿಳಿದ ಬಾಲಗಂಧರ್ವ' ಎಂಬರ್ಥದ ಒಂದು ಕಾರ್ಯಕ್ರಮವನ್ನೇ ರೂಪಿಸಿದರು. ಅವರು ಅನುಕರಣೆ ಮಾಡಲಿಲ್ಲ; ಆ ಗಾನದ ಹಿಂದಿನ ವಿಚಾರವನ್ನು ಬಿಡಿಸಿ ತೋರಿಸಿದರು. ಸೀರೆಯಿಲ್ಲ, ಅತ್ತರಿಲ್ಲ, ದೀಪದ ಬೆಳಕಿಲ್ಲ, ಬಾಲಗಂಧರ್ವರ ಕಂಠವೂ ಇಲ್ಲ. ಆದರೂ ಬಾಲಗಂಧರ್ವರು ಅಲ್ಲಿದ್ದರು. ಹಾಗಾದರೆ ಮುದುಕನಲ್ಲಿ ರುಕ್ಮಿಣಿಯನ್ನು ಕಂಡ ಪ್ರೇಕ್ಷಕರು ಭ್ರಾಂತರಲ್ಲ. ಅವರು ಕಂಡದ್ದು ಶರೀರವನ್ನು ಮೀರಿ ಮತ್ತೊಂದು ಶರೀರಕ್ಕೆ ದಾಟಬಲ್ಲ ವಸ್ತುವನ್ನು.

ನಮ್ಮ ರಂಗಭೂಮಿಯಲ್ಲಿಯೂ ಇಂಥ ದೃಷ್ಟಾಂತಗಳಿವೆ. ಬೆಳಗಾವಿ ಜಿಲ್ಲೆಯ ಏಣಗಿಯ ಬಾಳಪ್ಪನವರು (1914–2017) ಎಳವೆಯಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾಗಿ, ಮುಂದೆ ಸ್ವಂತ ನಾಟ್ಯಸಂಘವನ್ನು ಕಟ್ಟಿ, 'ಜಗಜ್ಯೋತಿ ಬಸವೇಶ್ವರ' ನಾಟಕದಲ್ಲಿ ಅಣ್ಣನವರ ಪಾತ್ರದಿಂದ ಹಳ್ಳಿಹಳ್ಳಿಗಳಲ್ಲಿ ಪೂಜ್ಯರಾದರು. ತುಂಬು ಮುಪ್ಪಿನಲ್ಲಿ ಅವರು ರಂಗಗೀತೆಗೆ ದನಿಯೆತ್ತಿದಾಗ ಸಭೆ ಸ್ತಬ್ಧವಾಗುತ್ತಿದ್ದುದನ್ನು ಬಲ್ಲವರು ನಮ್ಮ ಓದುಗರಲ್ಲಿಯೇ ಅನೇಕರಿದ್ದಾರೆ. ನೂರು ವರ್ಷ ದಾಟಿದ ಜೀವ. ಅದರೊಡನೆ ಕಂಪನಿ ನಾಟಕದ ಒಂದು ಶತಮಾನವೇ ಎದುರಿಗೆ ಕುಳಿತಂತಿತ್ತು.

ಮಠಗಳಿಗೂ ಈ ಕಲೆಗೂ ಇರುವ ನಂಟು ಹೊಸದಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಲ್ಲಿ ಬೆಳೆದ ಗಾನಯೋಗಿ ಪಂಚಾಕ್ಷರಿ ಗವಾಯಿಗಳು (1892–1944) ಅಂಧ ಅನಾಥ ಮಕ್ಕಳ ಅನ್ನವಿದ್ಯೆಗಳಿಗಾಗಿ ನಾಟ್ಯಸಂಘವನ್ನು ನಡೆಸಿದರು. ಪುಟ್ಟರಾಜ ಗವಾಯಿಗಳು (1914–2010) ಅದನ್ನು ಮುಂದುವರಿಸಿ ತಾವೇ ನಾಟಕಗಳನ್ನು ರಚಿಸಿದರು. ಬಾಲನಟನಾಗಿದ್ದ ಮಲ್ಲಿಕಾರ್ಜುನ ಮನಸೂರರ ಹಾಡನ್ನು ಕೇಳಿ ಮಿರಜಿನ ನೀಲಕಂಠಬುವಾ ಅವರು ಶಿಷ್ಯನನ್ನಾಗಿ ಸ್ವೀಕರಿಸಿದ್ದೂ ನಾಟಕ ಕಂಪನಿಯಿಂದಲೇ. ನಾಟಕವೆಂದರೆ ಹಗುರವಾದ ಮನರಂಜನೆಯೆಂದು ಈ ಹಿರಿಯರು ಬಗೆದಿದ್ದರೆ ನಮ್ಮ ಸಂಗೀತದ ಎಷ್ಟೋ ಬೆಳಕು ಹೊತ್ತುತ್ತಲೇ ಇರಲಿಲ್ಲ.

ಆದುದರಿಂದ ಭಕ್ತರಲ್ಲಿಯೂ ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ಮಾತನ್ನು ಅರಿಕೆ ಮಾಡುವುದಿದೆ. ಜಾತ್ರೆ ಉತ್ಸವಗಳಲ್ಲಿ ಹಿರಿಯ ಕಲಾವಿದರನ್ನು ಕರೆಯಿಸಿ ಶಾಲು ಹೊದಿಸಿ, ಫಲಪುಷ್ಪ ನೀಡಿ, ಕುರ್ಚಿಯಲ್ಲಿ ಕೂಡ್ರಿಸಿ ಭಾವಚಿತ್ರ ತೆಗೆಸಿ ಕಳಿಸುವ ರೂಢಿ ಬೆಳೆದಿದೆ. ಸಂಜೆಯೆಲ್ಲ ಭಾಷಣಗಳಾಗುತ್ತವೆ, ಯಾರಿಗಾಗಿ ಸಭೆ ಸೇರಿತೋ ಅವರ ದನಿ ಮಾತ್ರ ಕೇಳಿಸುವುದಿಲ್ಲ. ಇದು ಸತ್ಕಾರವೇನೋ ನಿಜ, ಆದರೆ ಅರ್ಧ ಸತ್ಕಾರ. ಅವರಿಗೆ ಒಂದು ಪೇಟಿ, ಒಂದು ತಬಲಾ ಒದಗಿಸಿ ಒಂದು ಪದವನ್ನು ಹಾಡಗೊಡಬೇಕು. ದನಿ ನಡುಗಬಹುದು, ನಡುವೆ ಸಾಲು ಮರೆಯಬಹುದು; ಕಾಯುವ ತಾಳ್ಮೆ ನಮಗಿರಬೇಕು. ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂಡ್ರಿಸಬೇಕು, ಹಾಡಿದ್ದನ್ನು ಮುದ್ರಿಸಿಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಸಂಭಾವನೆಯನ್ನು ದಾನವೆಂದು ಕೊಡದೆ ದುಡಿಮೆಯ ಫಲವೆಂದು ಕೊಡಬೇಕು. ಕನಿಕರ ಕಲಾವಿದನನ್ನು ಕುಗ್ಗಿಸುತ್ತದೆ; ಕೇಳುವ ಕಿವಿ ಅವನನ್ನು ಎತ್ತಿ ನಿಲ್ಲಿಸುತ್ತದೆ.

ಬಾಲಗಂಧರ್ವರಿಗೆ 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂದಿತು. 1964ರಲ್ಲಿ ಪದ್ಮಭೂಷಣ ಬಂದಿತು. ಪುಣೆಯಲ್ಲಿ ಅವರ ಹೆಸರಿನ ರಂಗಮಂದಿರಕ್ಕೆ 1962ರ ಅಕ್ಟೋಬರ್ 8ರಂದು ಅವರ ಕೈಯಿಂದಲೇ ಅಡಿಗಲ್ಲು ಇಡಿಸಿದರು. ಆಗ ಅವರಿಗೆ ಎಪ್ಪತ್ನಾಲ್ಕು ವರ್ಷ. 1967ರ ಜುಲೈ 15ರಂದು ಅವರು ಕಣ್ಮುಚ್ಚಿದರು. ರಂಗಮಂದಿರದ ಬಾಗಿಲು ತೆರೆದದ್ದು ಮರುವರ್ಷ ಅವರ ಜನ್ಮದಿನವಾದ ಜೂನ್ 26ರಂದು. ತನ್ನ ಕಾಲು ಎಂದೂ ಮೆಟ್ಟದ ರಂಗಕ್ಕೆ ಆ ವೃದ್ಧರು ಕಲ್ಲನ್ನಿಟ್ಟರು. ಮುಂದೆ ಅಲ್ಲಿ ಎಷ್ಟೋ ತರುಣರು ಹಾಡಿದರು, ಆಡಿದರು. ಹಿರಿಯರಿಂದ ನಾವು ಪಡೆಯುವುದೂ ಇದನ್ನೇ: ಅವರು ನಿಲ್ಲಲಾರದ ಕಾಲದಲ್ಲಿ ಮತ್ತೊಬ್ಬರು ನಿಲ್ಲುವುದಕ್ಕೆ ಒಂದು ನೆಲೆ. ನಮ್ಮ ಊರುಗಳಲ್ಲಿ ಇನ್ನೂ ಉಳಿದಿರುವ ಕಂಪನಿಯ ಹಿರಿಯ ಜೀವಗಳನ್ನು ಅವರು ಇರುವಾಗಲೇ ಕಂಡು, ಕೇಳಿ, ಆದರಿಸುವ ಬುದ್ಧಿ ಎಲ್ಲರಿಗೂ ಬರಲೆಂದು ಹಾರೈಸುತ್ತೇವೆ.